ನಿದ್ರೆಯಿಂದ ಏಳದ ಗಣಕಯಂತ್ರ

ಕುಂಭಕರ್ಣನನ್ನು ಎಬ್ಬಿಸುವುದಕ್ಕಾಗಿ ರಾಕ್ಷಸರು ಭೇರಿಗಳನ್ನು ಬಾರಿಸಿದರೆಂದೂ, ಆನೆಗಳನ್ನು ಅವನ ಮೈಮೇಲೆ ನಡೆಸಿದರೆಂದೂ ರಾಮಾಯಣದ ಕಥೆಯನ್ನು ಕೇಳಿದವರೆಲ್ಲರೂ ಬಲ್ಲರು. ಎಷ್ಟು ಗಾಢವಾದ ನಿದ್ರೆಯಾದರೇನು, ಅವನು ಕಡೆಗೆ ಎದ್ದನಷ್ಟೆ. ನಮ್ಮ ಕಾಲದ ಗಣಕಯಂತ್ರವು ಒಮ್ಮೊಮ್ಮೆ ಏಳುವುದೇ ಇಲ್ಲ. ಮಡಿಸಿಟ್ಟಿದ್ದ ಲ್ಯಾಪ್‌ಟಾಪಿನ ಮುಚ್ಚಳವನ್ನು ತೆರೆದರೆ ದೀಪವು ಹೊತ್ತಿಕೊಳ್ಳುತ್ತದೆ, ಒಳಗಿನ ಫ್ಯಾನು ತಿರುಗುವ ಸದ್ದು ಕೇಳಿಸುತ್ತದೆ. ಆದರೆ ತೆರೆಯು ಕಪ್ಪಾಗಿಯೇ ಉಳಿಯುತ್ತದೆ, ಕೀಲಿಗಳನ್ನು ಎಷ್ಟು ಒತ್ತಿದರೂ ಉತ್ತರವಿಲ್ಲ. ಆಗ ಸುತ್ತಲಿನವರು ಕೊಡುವ ಸಲಹೆ ಒಂದೇ: ಗುಂಡಿಯನ್ನು ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಿರಿ. ಈ ಉಪಾಯದಿಂದ ಯಂತ್ರವು ಮತ್ತೆ ಕೆಲಸಕ್ಕೆ ಬರುವುದೇನೋ ನಿಜ. ಆದರೆ ಅದು ಏಕೆ ಏಳಲಿಲ್ಲವೆಂಬುದಕ್ಕೆ ಒಳಗೆ ಇದ್ದ ಸಾಕ್ಷ್ಯವೆಲ್ಲವೂ ಅದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಕೊಲೆ ನಡೆದ ಕೋಣೆಯನ್ನು ಗುಡಿಸಿ ಸಾರಿಸಿ, ಅನಂತರ ಪೊಲೀಸರನ್ನು ಕರೆಯುವವರ ಬುದ್ಧಿವಂತಿಕೆ ಇದು.

ಈ ತೊಂದರೆಯನ್ನು ಕ್ಷುಲ್ಲಕವಾದ ಒಂದು ಕಿರಿಕಿರಿಯೆಂದು ಎಣಿಸುವವರೇ ಬಹಳ. ಈಚಿನ ಯಂತ್ರಗಳು ಅತಿಶೀಘ್ರವಾಗಿ ಹೊಸದಾಗಿ ಪ್ರಾರಂಭವಾಗುವುದರಿಂದ ನಿದ್ರೆಯ ಗೊಡವೆಯೇ ಬೇಡ, ಪ್ರತಿ ಸಲವೂ ಆರಿಸಿಬಿಡೋಣ ಎನ್ನುವವರೂ ಉಂಟು. ಅಂಥವರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನು, ತೆರೆ ಆರಿದ ಬಳಿಕ ಕೆಲಸವಿಲ್ಲದಾಗಲೆಲ್ಲ ನಿದ್ರೆಗೆ ಜಾರಿ, ಕರೆಯೋ ಸಂದೇಶವೋ ಬಂದೊಡನೆ ಎದ್ದು, ಮತ್ತೆ ಮಲಗುತ್ತಿರುತ್ತದೆಂಬುದು ಅವರಿಗೆ ತಿಳಿಯದು. ನಿದ್ರೆ ಬಾರದ ಫೋನಿನ ಬ್ಯಾಟರಿಯು ಸಂಜೆಯವರೆಗೂ ಬಾಳದು. ಆದುದರಿಂದ ಇದು ಬಿಟ್ಟುಬಿಡಬಹುದಾದ ಸಂಗತಿಯಲ್ಲ. ಅಷ್ಟೇ ಅಲ್ಲ, ನಿದ್ರೆಯಿಂದ ಏಳದ ಯಂತ್ರದ ದೋಷವನ್ನು ಪತ್ತೆಹಚ್ಚುವುದು, ವೈಜ್ಞಾನಿಕ ಪದ್ಧತಿಯನ್ನು ಕೈಯಾರೆ ಕಲಿಯುವುದಕ್ಕೆ ಇಂದಿನ ವಿದ್ಯಾರ್ಥಿಗೆ ಖರ್ಚಿಲ್ಲದೆ ದೊರೆಯುವ ಉತ್ತಮ ಅಭ್ಯಾಸಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಕಾರಣಗಳನ್ನು ತಿಳಿಸಬೇಕಾದರೆ ಮೊದಲು ಯಂತ್ರದ ನಿದ್ರೆಯೆಂದರೇನೆಂಬುದನ್ನು ನೋಡಬೇಕು.

೧೯೯೬ನೆಯ ಇಸವಿಯ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ ಎ.ಸಿ.ಪಿ.ಐ. ಎಂಬ ನಿಯಮಾವಳಿಯನ್ನು ಪ್ರಕಟಿಸಿದವು. ಅದು ಯಂತ್ರದ ಅವಸ್ಥೆಗಳನ್ನು ಎಸ್-೦ ಎಂಬಲ್ಲಿಂದ ಎಸ್-೫ ಎಂಬಲ್ಲಿಯ ವರೆಗೆ ಎಣಿಸುತ್ತದೆ. ಮೊದಲನೆಯದು ಪೂರ್ಣ ಜಾಗೃತಿ, ಕಡೆಯದು ಆರಿಸಿದ ಸ್ಥಿತಿ. ಜಾಗ್ರತ್ ಸ್ವಪ್ನ ಸುಷುಪ್ತಿಗಳನ್ನು ವಿಂಗಡಿಸಿದ ನಮ್ಮ ಪ್ರಾಚೀನರು ಮೂರು ನಾಲ್ಕಕ್ಕೆ ತೃಪ್ತರಾದರು; ಇವರಿಗೆ ಆರು ಬೇಕಾದವು. ನಮ್ಮ ಪ್ರಸ್ತಾವಕ್ಕೆ ಮುಖ್ಯವಾದುದು ಎಸ್-೩. ಈ ಅವಸ್ಥೆಯಲ್ಲಿ ಪ್ರೊಸೆಸರಿಗೆ ವಿದ್ಯುತ್ತು ಸಂಪೂರ್ಣವಾಗಿ ನಿಲ್ಲುತ್ತದೆ; ಅದರ ಒಳಗಿನ ರಿಜಿಸ್ಟರುಗಳಲ್ಲಿ ಇದ್ದುದೆಲ್ಲವೂ ಹೋಗುತ್ತದೆ. ಸ್ಮೃತಿಗೆ, ಎಂದರೆ ರ‍್ಯಾಮಿಗೆ, ಮಾತ್ರ ಜೀವ ಹಿಡಿದಿರುವಷ್ಟು ವಿದ್ಯುತ್ತು ದೊರೆಯುತ್ತಿರುತ್ತದೆ. ಅಲ್ಲಿಯ ಒಂದೊಂದು ಅಂಶವೂ ಅತಿಸೂಕ್ಷ್ಮವಾದ ಕೆಪ್ಯಾಸಿಟರಿನಲ್ಲಿ ತುಂಬಿಟ್ಟ ವಿದ್ಯುದಂಶ. ತೂತು ಬಿದ್ದ ಕೊಡದಂತೆ ಅದು ಸೋರುತ್ತಲೇ ಇರುವುದರಿಂದ, ಸಾಮಾನ್ಯವಾಗಿ ೬೪ ಮಿಲಿಸೆಕೆಂಡುಗಳಿಗೊಮ್ಮೆಯಾದರೂ ಅದನ್ನು ಓದಿ ಮತ್ತೆ ತುಂಬಬೇಕು. ಯಂತ್ರವು ಮಲಗಿರುವಾಗ ಸ್ಮೃತಿಯ ಚಿಪ್ಪುಗಳು ಈ ಕೆಲಸವನ್ನು ತಾವೇ ನಡೆಸಿಕೊಳ್ಳುತ್ತವೆ. ನೀವು ಬರೆಯುತ್ತಿದ್ದ ಪ್ರಬಂಧವೂ, ತೆರೆದಿಟ್ಟಿದ್ದ ಚಿತ್ರವೂ ಆ ಸೋರುವ ಕೊಡಗಳಲ್ಲಿ ಬೆಳಗಿನ ತನಕ ಉಳಿದಿರುವುದು ಹೀಗೆ.

ಮಲಗಿಸುವ ಹೊಣೆಯೂ ಎಬ್ಬಿಸುವ ಹೊಣೆಯೂ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನದು. ಇಲ್ಲಿ ನಾನು ಹೇಳುವುದೆಲ್ಲವೂ ಲಿನಕ್ಸ್ ಕರ್ನೆಲ್ಲಿಗೆ ಸಂಬಂಧಿಸಿದುದು. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ಪ್ರಾರಂಭಿಸಿದ ಈ ಕರ್ನೆಲ್ಲಿನ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದಾದ ಕಾರಣ, ದೋಷದ ಜಾಡನ್ನು ಹಿಡಿದು ಹೋಗುವವನಿಗೆ ಇದಕ್ಕಿಂತ ಅನುಕೂಲವಾದ ಬಯಲು ಬೇರಿಲ್ಲ.

ಮನೆಮಂದಿಯೆಲ್ಲ ಜಾತ್ರೆಗೆ ಹೊರಡುವಾಗ ಏನು ಮಾಡುತ್ತಾರೆ? ಒಳಗಿನ ಪೆಟ್ಟಿಗೆಗೆ ಮೊದಲು ಬೀಗ, ಅನಂತರ ಕೋಣೆಗೆ, ಕಡೆಗೆ ಹೆಬ್ಬಾಗಿಲಿಗೆ. ಹಿಂದಿರುಗಿದಾಗ ಹೆಬ್ಬಾಗಿಲಿನಿಂದ ಒಳಕ್ಕೆ. ಕರ್ನೆಲ್ಲಿನ ಕ್ರಮವೂ ಇದೇ. ಮೊದಲು ನೀವು ನಡೆಸುತ್ತಿರುವ ಕ್ರಮವಿಧಿಗಳನ್ನೆಲ್ಲ ಇದ್ದಲ್ಲಿಯೇ ಸ್ತಂಭಿಸುತ್ತದೆ. ಬಳಿಕ ಉಪಕರಣಗಳನ್ನು, ಮಕ್ಕಳ ನಂತರ ತಾಯಿತಂದೆಗಳೆಂಬ ಕ್ರಮದಲ್ಲಿ, ಒಂದೊಂದಾಗಿ ಮಲಗಿಸುತ್ತದೆ: ಯು.ಎಸ್.ಬಿ. ಕೊಂಡಿಗೆ ತಗುಲಿಸಿದ ಮೌಸು ಮಗು, ಆ ಕೊಂಡಿಯನ್ನು ಆಳುವ ಚಿಪ್ಪು ತಾಯಿ. ಆಮೇಲೆ ಒಂದನ್ನು ಉಳಿಸಿ ಮಿಕ್ಕ ಪ್ರೊಸೆಸರುಗಳನ್ನು ನಿಲ್ಲಿಸುತ್ತದೆ. ಕಡೆಗೆ ತನ್ನ ಎಲ್ಲ ಸ್ಥಿತಿಯನ್ನೂ ಸ್ಮೃತಿಯಲ್ಲಿ ಬರೆದಿಟ್ಟು, ತನ್ನನ್ನು ಎಬ್ಬಿಸಬೇಕಾದ ವಿಳಾಸವನ್ನು ಎ.ಸಿ.ಪಿ.ಐ. ಗೊತ್ತುಮಾಡಿದ ಸ್ಥಳದಲ್ಲಿ ಇಟ್ಟು, ತಾನೂ ಮಲಗುತ್ತದೆ. ಏಳುವಾಗ ಮೊದಲು ನಡೆಯುವುದು ಕರ್ನೆಲ್ ಅಲ್ಲ, ಯಂತ್ರವನ್ನು ತಯಾರಿಸಿದವರು ಚಿಪ್ಪಿನೊಳಗೆ ಬರೆದಿಟ್ಟ ಫರ್ಮ್‌ವೇರ್. ಅದು ಆ ವಿಳಾಸವನ್ನು ಹುಡುಕಿ ಕರ್ನೆಲ್ಲಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಆ ಗಳಿಗೆಯಲ್ಲಿ ಇಂಟೆಲ್ ಜಾತಿಯ ಪ್ರೊಸೆಸರು, ೧೯೭೮ರ ೮೦೮೬ ಎಂಬ ತನ್ನ ಪೂರ್ವಜನಂತೆ, ಹದಿನಾರು ಅಂಶಗಳ ಬಾಲ್ಯಾವಸ್ಥೆಯಲ್ಲಿ ಇರುತ್ತದೆ. ಅಲ್ಲಿಂದ ಪ್ರೌಢಾವಸ್ಥೆಗೆ ಏರಿ, ಹೆಬ್ಬಾಗಿಲಿನಿಂದ ಒಳಪೆಟ್ಟಿಗೆಯ ವರೆಗೆ ನೂರಾರು ಬೀಗಗಳನ್ನು ತೆಗೆಯಬೇಕು. ಒಂದು ಬೀಗ ಕಚ್ಚಿಕೊಂಡರೂ ಸಾಕು, ಮೆರವಣಿಗೆಯೇ ನಿಂತುಹೋಗುತ್ತದೆ.

ಬೀಗವು ಕಚ್ಚಿಕೊಳ್ಳುವುದೇಕೆ? ಒಂದು ಹಳೆಯ, ಆದರೆ ನಿಜವಾದ ನಿದರ್ಶನವನ್ನು ಕೊಡುತ್ತೇನೆ. ವೈಫೈ ಉಪಕರಣಗಳಲ್ಲಿ ಅನೇಕಕ್ಕೆ ತಮ್ಮದೇ ಆದ ಒಂದು ಸಣ್ಣ ಕ್ರಮವಿಧಿಯು ಬೇಕು. ವಿದ್ಯುತ್ತು ನಿಂತೊಡನೆ ಅವು ಅದನ್ನು ಮರೆಯುತ್ತವೆ. ಎದ್ದ ಬಳಿಕ ಅವುಗಳ ಡ್ರೈವರು ಅದರ ಕಡತವನ್ನು ಡಿಸ್ಕಿನಿಂದ ತರಿಸಿ ಮತ್ತೆ ತುಂಬಬೇಕು. ಹಿಂದೆ ಆ ಕಡತವನ್ನು ತಂದುಕೊಡುತ್ತಿದ್ದುದು ಕರ್ನೆಲ್ಲಿನ ಹೊರಗಿದ್ದ ಒಂದು ಸಾಧಾರಣ ಕ್ರಮವಿಧಿ. ಸಾಧಾರಣ ಕ್ರಮವಿಧಿಗಳೆಲ್ಲವೂ ಸ್ತಂಭಿತವಾಗಿವೆಯಷ್ಟೆ. ಉಪಕರಣಗಳು ಎದ್ದ ಮೇಲೆಯೇ ಅವುಗಳಿಗೆ ಬಿಡುಗಡೆ. ಹೀಗಾಗಿ ಡ್ರೈವರು ಆ ಸಹಾಯಕನಿಗಾಗಿ ಕಾಯುತ್ತದೆ, ಸಹಾಯಕನು ಡ್ರೈವರಿನ ಕೆಲಸ ಮುಗಿಯಲೆಂದು ಕಾಯುತ್ತಾನೆ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯು ಕರ್ನೆಲ್ಲಿನ ಒಳಗೂ ಸತ್ಯವಾಗುವುದು ಹೀಗೆ. ಈ ಕಾಯುವಿಕೆಗೆ ೬೦ ಸೆಕೆಂಡುಗಳ ಗಡುವು ಇದ್ದುದರಿಂದ, ತಾಳ್ಮೆಯುಳ್ಳವರ ಯಂತ್ರವು ಒಂದು ನಿಮಿಷದ ನಂತರ ಎದ್ದಿರಬಹುದು. ತಾಳ್ಮೆಯಿಲ್ಲದವರು ಅಷ್ಟರಲ್ಲಿ ಗುಂಡಿಯನ್ನು ಒತ್ತಿ ಹಿಡಿದಿರುತ್ತಿದ್ದರು. ೨೦೧೨ರಲ್ಲಿ, ಕರ್ನೆಲ್ಲೇ ಕಡತವನ್ನು ನೇರವಾಗಿ ಓದುವಂತೆಯೂ, ನಿದ್ರೆಗೆ ಮುನ್ನವೇ ಅದನ್ನು ಸ್ಮೃತಿಯಲ್ಲಿ ತಂದಿಟ್ಟುಕೊಳ್ಳುವಂತೆಯೂ ಏರ್ಪಾಟಾಯಿತು. ಇತರ ಕಾರಣಗಳೂ ಬೇಕಾದಷ್ಟಿವೆ: ಉಪಕರಣವೊಂದು ಸಿದ್ಧವಾಯಿತೆಂಬ ಸಂಕೇತಕ್ಕಾಗಿ ಕೊನೆಯಿಲ್ಲದೆ ಕಾಯುವ ಡ್ರೈವರು, ರಿಜಿಸ್ಟರಿನ ಹಳೆಯ ಬೆಲೆಯನ್ನು ಮತ್ತೆ ತುಂಬಲು ಮರೆತ ಡ್ರೈವರು, ಅಧಿಕಾರವನ್ನು ಹಿಂದಿರುಗಿಸದ ಫರ್ಮ್‌ವೇರ್. ಆದರೆ ಹೊರಗಿನಿಂದ ಇವೆಲ್ಲಕ್ಕೂ ಒಂದೇ ಲಕ್ಷಣ, ಕಪ್ಪು ತೆರೆ.

ಇಲ್ಲಿಯೇ ಈ ದೋಷದ ವೈಶಿಷ್ಟ್ಯ. ಸಾಮಾನ್ಯವಾದ ದೋಷವು ತಲೆದೋರಿದಾಗ ಕರ್ನೆಲ್ಲು ತೆರೆಯ ಮೇಲೆ ಬರೆಯುತ್ತದೆ, ಡಿಸ್ಕಿನಲ್ಲಿ ದಾಖಲಿಸುತ್ತದೆ, ಜಾಲದ ಮೂಲಕ ಇನ್ನೊಂದು ಯಂತ್ರಕ್ಕೆ ವರದಿ ಕಳಿಸುತ್ತದೆ. ಏಳುವ ಕಾಲದಲ್ಲಾದರೋ ತೆರೆಯು ಮಲಗಿದೆ, ಡಿಸ್ಕು ಮಲಗಿದೆ, ಜಾಲವೂ ಮಲಗಿದೆ. ಸಾಕ್ಷಿಗಳಾಗಬೇಕಾದವರೆಲ್ಲರೂ ನಿದ್ರೆಯಲ್ಲಿ ಇರುವಾಗ ನಡೆದ ಅಪರಾಧ ಇದು. ರ‍್ಯಾಮಿನಲ್ಲಿ ಬರೆದಿಟ್ಟರೆ, ಗುಂಡಿಯನ್ನು ಒತ್ತಿ ಆರಿಸಿದೊಡನೆ ಅದು ಸೋರಿಹೋಗುತ್ತದೆ. ಸ್ತಬ್ಧವಾದ ಯಂತ್ರವನ್ನು ಆರಿಸದೆ ಬೇರೆ ದಾರಿಯೂ ಇಲ್ಲ. ಹಾಗಾದರೆ ಮಾಡುವುದೇನು?

ಒಂದು ದಾರಿ, ಪಯಣವನ್ನು ತುಂಡುಮಾಡಿ ಪರೀಕ್ಷಿಸುವುದು. ಕರ್ನೆಲ್ಲಿನಲ್ಲಿ ಪಿ.ಎಂ.ಟೆಸ್ಟ್ ಎಂಬ ಒಂದು ಸೌಕರ್ಯವಿದೆ. ಮೊದಲನೆಯ ಮಟ್ಟದಲ್ಲಿ ಕ್ರಮವಿಧಿಗಳನ್ನು ಮಾತ್ರ ಸ್ತಂಭಿಸಿ, ಐದು ಸೆಕೆಂಡು ತಡೆದು, ಹಿಂದಿರುಗುತ್ತದೆ. ಎರಡನೆಯದರಲ್ಲಿ ಉಪಕರಣಗಳನ್ನೂ ಮಲಗಿಸಿ ಎಬ್ಬಿಸುತ್ತದೆ. ಮುಂದೆ ಮದರ್‌ಬೋರ್ಡಿಗೆ ಸಂಬಂಧಿಸಿದ ಫರ್ಮ್‌ವೇರಿನ ವಿಧಿಗಳು, ಆಮೇಲೆ ಇತರ ಪ್ರೊಸೆಸರುಗಳು, ಕಡೆಯದಾಗಿ ಕರ್ನೆಲ್ಲಿನ ಹೃದಯಭಾಗ. ಎರಡನೆಯ ಮಟ್ಟದಲ್ಲಿ ಸುಖವಾಗಿ ಹಿಂದಿರುಗಿದ ಯಂತ್ರವು ಮೂರನೆಯದರಲ್ಲಿ ಮುಗ್ಗರಿಸಿದರೆ, ನೂರಾರು ಸಂಶಯಗಳು ಒಂದು ಹಿಡಿಯಾಗುತ್ತವೆ. ಐದನ್ನೂ ದಾಟಿದ ಯಂತ್ರವು ನಿಜವಾದ ನಿದ್ರೆಯಿಂದ ಏಳದಿದ್ದರೆ ಅದೂ ಒಂದು ಮಾಹಿತಿಯೇ: ಈ ಪರೀಕ್ಷೆಗಳಲ್ಲಿ ಪ್ರೊಸೆಸರಿನ ವಿದ್ಯುತ್ತು ನಿಜವಾಗಿ ನಿಲ್ಲುವುದಿಲ್ಲ, ಫರ್ಮ್‌ವೇರಿನ ಕೈಗೆ ಅಧಿಕಾರವು ಹೋಗುವುದೂ ಇಲ್ಲ, ಆದುದರಿಂದ ಕಳ್ಳನು ಆ ಕತ್ತಲೆಯ ಗಳಿಗೆಯಲ್ಲಿಯೇ ಎಲ್ಲಿಯೋ ಇರಬೇಕು. ಆ ಗಳಿಗೆಯಲ್ಲಿ ಕರ್ನೆಲ್ಲು ಎದ್ದಿತೋ ಇಲ್ಲವೋ ಎಂದು ತಿಳಿಯಲು ಮತ್ತೊಂದು ಮೋಜಿನ ಉಪಾಯ ಉಂಟು. ಪ್ರಾರಂಭದಲ್ಲಿಯೇ ತಕ್ಕ ಆದೇಶವನ್ನು ಕೊಟ್ಟಿದ್ದರೆ, ಎದ್ದ ಕರ್ನೆಲ್ಲು ಸ್ಪೀಕರಿನಲ್ಲಿ ಮೋರ್ಸ್ ಸಂಕೇತವನ್ನು ನುಡಿಸುತ್ತದೆ: ಮೂರು ಚುಕ್ಕೆ, ಒಂದು ಗೀಟು. ನಮ್ಮ ದೇಶದಲ್ಲಿ ತಂತಿ ಸೇವೆಯು ೨೦೧೩ರಲ್ಲಿ ಮುಗಿಯಿತು. ಕರ್ನೆಲ್ಲಿನಲ್ಲಿ ಆ ಭಾಷೆಯು ಇನ್ನೂ ಜೀವಂತವಾಗಿದೆ. ಸದ್ದು ಕೇಳಿಸಿದರೆ ಫರ್ಮ್‌ವೇರು ತನ್ನ ಪಾಲಿನ ಕೆಲಸವನ್ನು ಮಾಡಿತೆಂದು ಅರ್ಥ.

ಆದರೆ ನೂರಾರು ಉಪಕರಣಗಳಲ್ಲಿ ತಪ್ಪಿತಸ್ಥನು ಯಾರೆಂಬುದನ್ನು ಒಂದು ಸದ್ದು ಹೇಳಲಾರದು. ಇದಕ್ಕೆ ೨೦೦೬ರಲ್ಲಿ ಟೋರ್ವಾಲ್ಡ್ಸನೇ ಕಂಡುಕೊಂಡ ಯುಕ್ತಿಯು ನನಗೆ ಬಹು ಪ್ರಿಯವಾದುದು. ಯಂತ್ರವನ್ನು ಆರಿಸಿದರೂ ಆರದ ವಸ್ತು ಅದರಲ್ಲಿ ಏನಿದೆ? ನಾಣ್ಯದಷ್ಟಗಲದ ಬ್ಯಾಟರಿಯಿಂದ ನಡೆಯುವ ಗಡಿಯಾರ. ಅದರ ಚಿಪ್ಪಿನಲ್ಲಿ ಬರೆದಿಡಲೆಂದೇ ೧೧೪ ಬೈಟುಗಳ ಸ್ಮೃತಿಯೂ ಉಂಟು. ಆದರೆ ಯಂತ್ರವು ಹೊಸದಾಗಿ ಪ್ರಾರಂಭವಾಗುವಾಗ ಫರ್ಮ್‌ವೇರು ಅದನ್ನು ಉಳಿಸುವುದೆಂಬ ಭರವಸೆಯಿಲ್ಲ. ಅದು ಮುಟ್ಟದೆ ಬಿಡುವುದು ಗಡಿಯಾರದ ಮುಳ್ಳುಗಳನ್ನು ಮಾತ್ರ. ಹಾಗಾದರೆ ಸಂದೇಶವನ್ನು ಮುಳ್ಳುಗಳಲ್ಲಿಯೇ ಇಡೋಣ! ದರೋಡೆಯಾದ ಮನೆಯಲ್ಲಿ ಗೋಡೆಯ ಗಡಿಯಾರವೊಂದೇ ಉಳಿಯುವುದೆಂದು ಗೊತ್ತಿದ್ದವನು, ಕಳ್ಳನ ಹೆಸರಿಗೆ ಸಂಕೇತವಾಗಿ ಮುಳ್ಳುಗಳನ್ನು ತಿರುಗಿಸಿಟ್ಟಂತೆ.

ಈ ಸಂದೇಶವು ಎಷ್ಟು ದೊಡ್ಡದಾಗಿರಬಹುದು? ಸೆಕೆಂಡುಗಳನ್ನು ಉಪಯೋಗಿಸುವಂತಿಲ್ಲ, ಯಂತ್ರವು ಮತ್ತೆ ಪ್ರಾರಂಭವಾಗುವಷ್ಟರಲ್ಲಿ ಅವು ಓಡಿಹೋಗಿರುತ್ತವೆ. ನಿಮಿಷಗಳನ್ನು ಮೂರು ಮೂರರಂತೆ ಎಣಿಸಿದರೆ ೨೦ ಬೆಲೆಗಳು, ಗಂಟೆಗೆ ೨೪, ಫೆಬ್ರವರಿಯಲ್ಲಿಯೂ ಸಲ್ಲುವಂತೆ ದಿನಕ್ಕೆ ೨೮, ತಿಂಗಳಿಗೆ ೧೨, ವರ್ಷಕ್ಕೆ ೧೦೦. ಇವುಗಳ ಗುಣಲಬ್ಧ ೧,೬೧,೨೮,೦೦೦. ಕರ್ನೆಲ್ಲಿಗೆ ದೊರೆತ ಜಾಗವು ಇಷ್ಟೇ. ಅದರಲ್ಲಿ ಮೂರು ವಿಷಯಗಳನ್ನು ಹಿಡಿಸಬೇಕು. ಉಪಕರಣದ ಹೆಸರನ್ನು ಒಂದು ಸಂಖ್ಯೆಯಾಗಿ ಮಾಡಿ ೧೦೦೯ರಿಂದ ಭಾಗಿಸಿದಾಗ ಬರುವ ಶೇಷ. ಕರ್ನೆಲ್ಲಿನ ಯಾವ ಕಡತದ ಎಷ್ಟನೆಯ ಸಾಲು ಎಂಬುದನ್ನು ಅಂತೆಯೇ ೯೯೭ರಿಂದ ಭಾಗಿಸಿದ ಶೇಷ. ದೋಷ ಹುಡುಕುವವನು ತನಗೆ ಬೇಕಾದಂತೆ ಇಟ್ಟುಕೊಳ್ಳಬಹುದಾದ, ೧೬ಕ್ಕಿಂತ ಕಡಿಮೆಯ ಒಂದು ಅಂಕೆ. ೧೦೦೯, ೯೯೭ ಎರಡೂ ಅವಿಭಾಜ್ಯ ಸಂಖ್ಯೆಗಳೆಂಬುದನ್ನು ಗಣಿತದ ವಿದ್ಯಾರ್ಥಿಗಳು ಗಮನಿಸಿಯಾರು. ಈ ಮೂರರ ಗುಣಲಬ್ಧ ೧,೬೦,೯೫,೫೬೮. ದೊರೆತ ಜಾಗದಲ್ಲಿ ಕೂದಲೆಳೆಯಷ್ಟು ಮಾತ್ರ ಮಿಕ್ಕಿತು.

ಲೆಕ್ಕವನ್ನು ಮಾಡಿಯೇ ನೋಡೋಣ. ಉಪಕರಣದ ಶೇಷ ೧೦೦, ಸಾಲಿನ ಶೇಷ ೫೦೦, ಸ್ವಂತ ಅಂಕೆ ೩ ಎಂದಿರಲಿ. ೯೯೭ನ್ನು ೧೦೦ರಿಂದ ಗುಣಿಸಿ ೫೦೦ ಕೂಡಿಸಿದರೆ ೧,೦೦,೨೦೦. ಅದನ್ನು ೧೬ರಿಂದ ಗುಣಿಸಿ ೩ ಕೂಡಿಸಿದರೆ ೧೬,೦೩,೨೦೩. ಇದನ್ನು ಮೊದಲು ೧೦೦ರಿಂದ ಭಾಗಿಸಿದರೆ ಶೇಷ ೩. ಅದು ವರ್ಷ, ಎಂದರೆ ೨೦೦೩. ಭಾಗಲಬ್ಧ ೧೬,೦೩೨ನ್ನು ೧೨ರಿಂದ ಭಾಗಿಸಿದರೆ ಶೇಷ ಸೊನ್ನೆ. ತಿಂಗಳುಗಳನ್ನು ಸೊನ್ನೆಯಿಂದ ಎಣಿಸುವುದರಿಂದ ಅದು ಜನವರಿ. ಹೀಗೆಯೇ ಮುಂದುವರಿದರೆ ದಿನ ೨೧, ಗಂಟೆ ೨೩, ನಿಮಿಷ ೩ ದೊರೆಯುತ್ತವೆ. ರೂಪಾಯಿ ಆಣೆ ಪೈಗಳ ಲೆಕ್ಕವನ್ನು ಬಲ್ಲ ಹಿರಿಯರಿಗೆ ಇದು ಹೊಸದಲ್ಲ. ೧೯೫೭ರಲ್ಲಿ ನಯಾ ಪೈಸೆ ಬರುವ ತನಕ ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ ಎಂದು ಅವರು ದಿನವೂ ಇಂಥ ಮಿಶ್ರಗಣನೆಯನ್ನೇ ಮಾಡುತ್ತಿದ್ದರು.

ಪ್ರತಿಯೊಂದು ಉಪಕರಣವನ್ನು ಎಬ್ಬಿಸುವ ಮೊದಲು ಕರ್ನೆಲ್ಲು ಗಡಿಯಾರವನ್ನು ಹೀಗೆ ತಿರುಗಿಸುತ್ತದೆ. ‘ಮೊದಲು’ ಎಂಬ ಮಾತು ಇಲ್ಲಿ ಮುಖ್ಯ. ಎಬ್ಬಿಸಿದ ನಂತರ ಬರೆಯುವೆನೆಂದರೆ, ಸ್ತಬ್ಧವಾದ ಹೆಜ್ಜೆಯ ಗುರುತು ಎಂದಿಗೂ ಬೀಳುವುದಿಲ್ಲ. ಯಂತ್ರವು ಸ್ತಬ್ಧವಾದಾಗ ಅದನ್ನು ಆರಿಸಿ, ತಡಮಾಡದೆ ಹಚ್ಚಬೇಕು; ಮೂರು ನಿಮಿಷ ಕಳೆದರೆ ಸಂದೇಶವು ಕೆಡುತ್ತದೆ. ಹೊಸದಾಗಿ ಎದ್ದ ಕರ್ನೆಲ್ಲು ಗಡಿಯಾರವನ್ನು ಓದಿ, ಗಣಿತವನ್ನು ಹಿಂದುಮುಂದು ಮಾಡಿ, ಆ ಶೇಷಕ್ಕೆ ಹೊಂದುವ ಉಪಕರಣಗಳ ಹೆಸರುಗಳನ್ನು ದಾಖಲೆಯಲ್ಲಿ ಬರೆಯುತ್ತದೆ. ಒಂದೇ ಶೇಷಕ್ಕೆ ಎರಡು ಮೂರು ಹೆಸರುಗಳು ಹೊಂದಬಹುದು. ನೂರಾರು ಉಪಕರಣಗಳನ್ನು ೧೦೦೯ ಗೂಡುಗಳಲ್ಲಿ ಹಂಚಿದರೆ ಕೆಲವು ಗೂಡುಗಳಲ್ಲಿ ಇಬ್ಬರು ಇರುವುದು ಸಹಜವಷ್ಟೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಯಂತ್ರದ ತಾರೀಖು ಯಾವ ಯುಗಕ್ಕೋ ಹಾರಿಹೋಗಿರುತ್ತದೆ.

ಇಷ್ಟು ಮಾಡಿದರೂ ಕೆಲವೊಮ್ಮೆ ಒಂದು ವಿಚಿತ್ರವು ಕಂಡುಬರುತ್ತದೆ. ಗಡಿಯಾರದ ಯುಕ್ತಿಯನ್ನು ಹೂಡಿದೊಡನೆ ದೋಷವೇ ಮಾಯವಾಗುತ್ತದೆ. ಪೊಲೀಸರು ಬಂದೊಡನೆ ಕಳ್ಳನು ಸಭ್ಯನಾದಂತೆ. ಕಾರಣವೇನೆಂದರೆ, ಕಾಲವನ್ನು ಉಳಿಸುವುದಕ್ಕಾಗಿ ಕರ್ನೆಲ್ಲು ಅನೇಕ ಉಪಕರಣಗಳನ್ನು ಏಕಕಾಲದಲ್ಲಿ ಎಬ್ಬಿಸುತ್ತದೆ. ಈ ಯುಕ್ತಿಯು ಜಾರಿಯಲ್ಲಿರುವಾಗ ಮಾತ್ರ ಒಂದರ ಹಿಂದೆ ಒಂದರಂತೆ ಎಬ್ಬಿಸುತ್ತದೆ. ಎರಡು ಡ್ರೈವರುಗಳ ಪೈಪೋಟಿಯಿಂದ ಹುಟ್ಟಿದ ದೋಷವು ಸರದಿಯ ಸಾಲಿನಲ್ಲಿ ತಲೆಯೆತ್ತುವುದಿಲ್ಲ. ನೋಡಹೋದರೆ ಬದಲಾಗುವ ಇಂಥ ದೋಷಗಳಿಗೆ, ಭೌತವಿಜ್ಞಾನಿ ಹೈಸನ್‌ಬರ್ಗನ ಹೆಸರನ್ನು ತಿರುಚಿ, ‘ಹೈಸನ್‌ಬಗ್’ ಎಂಬ ಹೆಸರನ್ನು ಗಣಕದವರು ಇಟ್ಟಿದ್ದಾರೆ. ಅಳತೆಯ ಸಾಧನವೇ ಅಳೆಯಬೇಕಾದುದನ್ನು ಬದಲಾಯಿಸಬಹುದೆಂಬುದನ್ನು ವಿದ್ಯಾರ್ಥಿಯು ಪಠ್ಯಪುಸ್ತಕದಲ್ಲಿ ಓದುವುದು ಬೇರೆ, ತನ್ನ ಮೇಜಿನ ಮೇಲೆ ಕಾಣುವುದು ಬೇರೆ. ಅಲ್ಲದೆ ಮಾಯವಾಗುವುದೂ ಒಂದು ಸುಳಿವು. ಏಕಕಾಲದ ಎಬ್ಬಿಸುವಿಕೆಯನ್ನು ಮಾತ್ರ ನಿಲ್ಲಿಸುವ ಬೇರೊಂದು ಗುಂಡಿಯೂ ಕರ್ನೆಲ್ಲಿನಲ್ಲಿದೆ. ಅದನ್ನು ಒತ್ತಿದಾಗಲೂ ದೋಷವು ಅಡಗಿದರೆ, ಕ್ರಮದಲ್ಲಿಯೇ ಏನೋ ತಪ್ಪಿದೆಯೆಂದು ಬಲವಾಗಿ ಶಂಕಿಸಬಹುದು.

ಇನ್ನು, ದೋಷವು ಹೋಯಿತೆಂದು ಯಾವಾಗ ಹೇಳಬಹುದು? ಇಲ್ಲಿ ಅನುಭವಸ್ಥರೂ ಎಡವುತ್ತಾರೆ. ಇಪ್ಪತ್ತು ಸಲಕ್ಕೆ ಒಂದು ಸಲ ಏಳದ ಯಂತ್ರವೊಂದು ಇದೆಯೆಂದಿಟ್ಟುಕೊಳ್ಳಿ. ಏನನ್ನೋ ಬದಲಾಯಿಸಿ, 'ಹತ್ತು ಸಲ ಮಲಗಿಸಿದೆ, ಹತ್ತು ಸಲವೂ ಎದ್ದಿತು, ಸರಿಯಾಯಿತು' ಎನ್ನುವುದು ವಾಡಿಕೆ. ಆದರೆ ದೋಷವು ಇದ್ದಂತೆಯೇ ಇದ್ದರೂ ಹತ್ತು ಸಲವೂ ಏಳುವ ಸಂಭವವು ೦.೯೫ರ ಹತ್ತನೆಯ ಘಾತ, ಎಂದರೆ ಸುಮಾರು ನೂರಕ್ಕೆ ೬೦. ಆ ಹತ್ತು ಪ್ರಯೋಗಗಳು ಹೆಚ್ಚೇನನ್ನೂ ಸಿದ್ಧಪಡಿಸಲಿಲ್ಲ. ಈ ಸಂಭವವು ನೂರಕ್ಕೆ ೫ಕ್ಕಿಂತ ಕೆಳಗೆ ಇಳಿಯಬೇಕಾದರೆ ಒಂದೇ ಸಮನೆ ೫೯ ಸಲ ಏಳಬೇಕು. ದೋಷವು ನೂರಕ್ಕೊಮ್ಮೆ ಬರುವಂಥದಾದರೆ ೨೯೯ ಸಲ. ಕೈಯಿಂದ ಮುಚ್ಚಳವನ್ನು ಮುಚ್ಚಿ ತೆರೆಯುತ್ತ ಯಾರೂ ಇಷ್ಟು ಸಲ ಕೂರಲಾರರು. ಗೊತ್ತಾದ ಹೊತ್ತಿಗೆ ಯಂತ್ರವನ್ನು ತಾನೇ ಎಬ್ಬಿಸುವ ಆರ್.ಟಿ.ಸಿ.ವೇಕ್ ಎಂಬ ಸಣ್ಣ ಕ್ರಮವಿಧಿಯಿದೆ. ಸಲಕ್ಕೆ ಒಂದು ನಿಮಿಷವೆಂದರೂ ಐದು ಗಂಟೆಗಳ ಕೆಲಸ, ನೀವು ನಿದ್ರಿಸುವಾಗ ಅದು ನಡೆಯಲಿ.

ಈ ಗಣಿತವು ಇನ್ನೊಂದು ಕಡೆ ಮತ್ತಷ್ಟು ಕಟುವಾಗುತ್ತದೆ. ಹಿಂದಿನ ಕರ್ನೆಲ್ಲಿನಲ್ಲಿ ಎದ್ದು, ಹೊಸದರಲ್ಲಿ ಏಳದ ಯಂತ್ರಕ್ಕೆ, ನಡುವೆ ಬಂದ ಬದಲಾವಣೆಗಳಲ್ಲಿ ಅಪರಾಧಿಯು ಯಾವುದೆಂದು ಅರ್ಧ ಅರ್ಧವಾಗಿ ಸೀಳುತ್ತ ಹುಡುಕುವ ಪದ್ಧತಿಯಿದೆ. ಹದಿನಾರು ಸಾವಿರ ಬದಲಾವಣೆಗಳಿದ್ದರೂ ಹದಿನಾಲ್ಕು ಹೆಜ್ಜೆಗಳು ಸಾಕು. ಆದರೆ ಒಂದು ಹೆಜ್ಜೆಯಲ್ಲಿ 'ಇದು ಒಳ್ಳೆಯದು' ಎಂದು ತಪ್ಪಾಗಿ ತೀರ್ಮಾನಿಸಿದರೆ, ಮುಂದಿನ ಹುಡುಕಾಟವೆಲ್ಲವೂ ಬೇರೆ ಕಾಡಿನಲ್ಲಿ ನಡೆಯುತ್ತದೆ. ದೋಷವುಳ್ಳ ಏಳು ಹೆಜ್ಜೆಗಳನ್ನು ದಾರಿಯಲ್ಲಿ ಎದುರಿಸಬೇಕಾಗಿದ್ದು, ಪ್ರತಿಯೊಂದನ್ನೂ ನೂರಕ್ಕೆ ೯೫ರ ಭರವಸೆಯಿಂದ ಗುರುತಿಸಿದರೂ, ಏಳೂ ಸರಿಯಾಗುವ ಸಂಭವ ನೂರಕ್ಕೆ ೭೦ ಮಾತ್ರ. ಸಂಭವ ಸಿದ್ಧಾಂತದ ಪಾಠವನ್ನು ದಾಳಗಳಿಂದಲೂ ಬಣ್ಣದ ಚೆಂಡುಗಳಿಂದಲೂ ಕಲಿಸುವ ನಮ್ಮ ಅಧ್ಯಾಪಕರು ಈ ಉದಾಹರಣೆಯನ್ನೊಮ್ಮೆ ಹಲಗೆಯ ಮೇಲೆ ಬರೆಯಬಾರದೇಕೆ?

ಇದು ತಯಾರಕರ ಕೆಲಸವಲ್ಲವೇ, ನಮಗೇಕೆ ಎಂಬ ಆಕ್ಷೇಪವು ಬರಬಹುದು. ಅದರಲ್ಲಿ ನ್ಯಾಯವಿಲ್ಲದೆ ಇಲ್ಲ. ಆದರೆ ಫರ್ಮ್‌ವೇರಿನ ಮೂಲಪಾಠವನ್ನು ತಯಾರಕರು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ, ಮತ್ತು ಅದನ್ನು ಬಹುಮಟ್ಟಿಗೆ ವಿಂಡೋಸಿನೊಡನೆ ಪರೀಕ್ಷಿಸಿ ಮಾರುಕಟ್ಟೆಗೆ ಕಳಿಸುತ್ತಾರೆ. ಎ.ಸಿ.ಪಿ.ಐ. ನಿಯಮಾವಳಿಯಲ್ಲಿ 'ನೀನು ಯಾರು' ಎಂದು ಕಾರ್ಯಾಚರಣ ವ್ಯವಸ್ಥೆಯನ್ನು ಫರ್ಮ್‌ವೇರು ಕೇಳುವ ಅವಕಾಶವಿದೆ. 'ನೀನು ವಿಂಡೋಸೇ?' ಎಂದರೆ ಲಿನಕ್ಸ್ ಕರ್ನೆಲ್ಲು 'ಹೌದು' ಎನ್ನುತ್ತದೆ, 'ನೀನು ಲಿನಕ್ಸೇ?' ಎಂದರೆ 'ಅಲ್ಲ' ಎನ್ನುತ್ತದೆ! ಹಾಸ್ಯವೆಂದು ತೋರಿದರೂ ಇದು ಬಲವಂತದ ಸುಳ್ಳು. ಪರೀಕ್ಷಿಸಲ್ಪಟ್ಟ ದಾರಿಯು ಅದೊಂದೇ ಆಗಿರುವಾಗ ಬೇರೆ ಗತಿಯಿಲ್ಲ. ಇಂಥ ಸ್ಥಿತಿಯಲ್ಲಿ, ಒಂದು ಮಾದರಿಯ ಯಂತ್ರದ ದೋಷವು ತಿಳಿದುಬರುವುದು ಆ ಯಂತ್ರವನ್ನು ಕೊಂಡ ಯಾರೋ ಒಬ್ಬರು ಸಾಕ್ಷ್ಯಸಮೇತ ವರದಿ ಮಾಡಿದಾಗಲೇ. 'ನನ್ನ ಲ್ಯಾಪ್‌ಟಾಪು ಏಳುವುದಿಲ್ಲ' ಎಂಬ ವರದಿಯಿಂದ ಯಾರಿಗೂ ಪ್ರಯೋಜನವಿಲ್ಲ. 'ಎರಡನೆಯ ಮಟ್ಟದ ಪರೀಕ್ಷೆಯಲ್ಲಿ, ಇಂಥ ಉಪಕರಣವನ್ನು ಎಬ್ಬಿಸುವಾಗ, ೬೦ರಲ್ಲಿ ೩ ಸಲ ನಿಲ್ಲುತ್ತದೆ' ಎಂಬ ವರದಿಯ ಮೇಲೆ ಸಾವಿರಾರು ಮೈಲಿ ದೂರದಲ್ಲಿರುವ ಡ್ರೈವರಿನ ಕರ್ತೃವು ಕೆಲಸ ಮಾಡಬಲ್ಲನು. ಇಂಥ ವರದಿಯನ್ನು ಬರೆಯಲು ಪದವಿಯು ಬೇಡ. ತುಮಕೂರಿನ ಕಾಲೇಜು ವಿದ್ಯಾರ್ಥಿಯೂ ಬರೆಯಬಹುದು.

ಬರೆಯಬಹುದು, ಆದರೆ ಅವನಿಗೆ ಅದನ್ನು ಕಲಿಸಿದವರು ಯಾರು? ನಮ್ಮ ಪ್ರಯೋಗಶಾಲೆಗಳಲ್ಲಿ ಅಂಕಗಳು ದೊರೆಯುವುದು ನಡೆಯುವ ಕ್ರಮವಿಧಿಗೆ. ಒಂದು ಕ್ರಮವಿಧಿಯು ಏಕೆ ನಡೆಯುತ್ತಿಲ್ಲವೆಂದು ಮೂರು ಗಂಟೆ ಹುಡುಕಿ, ಹತ್ತು ಸಂಶಯಗಳಲ್ಲಿ ಎಂಟನ್ನು ಕ್ರಮವಾಗಿ ತಳ್ಳಿಹಾಕಿದ ವಿದ್ಯಾರ್ಥಿಗೆ ಸೊನ್ನೆ. ಪರಸ್ಪರ ಕಾಯುತ್ತ ಸ್ತಬ್ಧವಾಗುವ ಪ್ರಕ್ರಿಯೆಗಳ ಲಕ್ಷಣಗಳನ್ನು ಅವನು ಬಾಯಿಪಾಠವಾಗಿ ಒಪ್ಪಿಸಬಲ್ಲನು. ಅಂಥದೊಂದನ್ನು ಕಣ್ಣಾರೆ ಕಂಡಿರುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ನಿಜವಾದ ರೋಗಿಯನ್ನು ಒಪ್ಪಿಸಿ, ರೋಗವೇನೆಂದು ಹೇಳು ಎನ್ನುತ್ತಾರೆ. ಗಣಕದ ವಿದ್ಯಾರ್ಥಿಗೂ ವರ್ಷಕ್ಕೊಮ್ಮೆಯಾದರೂ ಏಳದ ಯಂತ್ರವೊಂದನ್ನು ಒಪ್ಪಿಸಿ, ಅವನು ದೋಷವನ್ನು ಕಂಡುಹಿಡಿದನೇ ಎಂದಲ್ಲ, ಹೇಗೆ ಹುಡುಕಿದನೆಂಬುದಕ್ಕೆ ಅಂಕಗಳನ್ನು ಕೊಡುವ ಏರ್ಪಾಟು ಬರಬೇಕೆಂಬುದು ನನ್ನ ಬೇಡಿಕೆ. ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪುಗಳು ಇದಕ್ಕೆ ಧಾರಾಳವಾಗಿ ಸಾಕು.

ಪಠ್ಯಕ್ರಮವು ಬದಲಾಗುವ ತನಕ ಕಾಯಲೊಲ್ಲದ ವಾಚಕರಿಗೆ ಒಂದೆರಡು ಮಾತು. ಪ್ರಯೋಗಕ್ಕೆ ಮೊದಲು ಬೇಕಾದ ಕಡತಗಳನ್ನು ಬೇರೆ ಕಡೆ ನಕಲು ಮಾಡಿಡಿ. ಲಿನಕ್ಸಿನ ಸಿಸ್ ಎಂಬ ಕೋಶದ ಒಳಗೆ ಪವರ್ ಎಂಬ ಉಪಕೋಶದಲ್ಲಿ ಮೆಮ್-ಸ್ಲೀಪ್ ಎಂಬ ಪುಟ್ಟ ಕಡತವಿದೆ. ಅದರಲ್ಲಿ 'ಡೀಪ್' ಎಂಬ ಪದವಿದ್ದರೆ ಇಲ್ಲಿ ವರ್ಣಿಸಿದ ಎಸ್-೩ ನಿದ್ರೆಯು ನಿಮ್ಮ ಯಂತ್ರಕ್ಕೆ ಉಂಟು. ಈಚಿನ ಲ್ಯಾಪ್‌ಟಾಪುಗಳಲ್ಲಿ ಹಲವನ್ನು ಎಸ್-೩ ಇಲ್ಲದೆಯೇ ತಯಾರಿಸುತ್ತಾರೆ. ಅವುಗಳ ಪ್ರೊಸೆಸರು ಪೂರ್ತಿ ಆರದೆ ತೂಕಡಿಸುತ್ತಿರುತ್ತದೆ, ಫರ್ಮ್‌ವೇರಿನ ಕತ್ತಲೆಯ ಗಳಿಗೆಯು ಅಲ್ಲಿ ಇಲ್ಲ, ಆದರೆ ಉಪಕರಣಗಳ ಮೆರವಣಿಗೆಯು ಹಾಗೆಯೇ ಇದೆ. ಪರೀಕ್ಷೆಯನ್ನು ಮೊದಲನೆಯ ಮಟ್ಟದಿಂದ ಪ್ರಾರಂಭಿಸಿ, ಒಂದೊಂದೇ ಮೆಟ್ಟಿಲು ಏರಿ, ಪ್ರತಿ ಸಲದ ಫಲವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಯಂತ್ರದೊಳಗೆ ಬರೆದರೆ ಅದರೊಡನೆ ಅದೂ ಹೋದೀತು. ಗಡಿಯಾರದ ಯುಕ್ತಿಯನ್ನು ಬಳಸಿದವರು ಕಡೆಗೆ ತಾರೀಖನ್ನು ಸರಿಪಡಿಸಿರಿ, ಇಲ್ಲವಾದರೆ ಮರುದಿನ ಬರೆದ ಪ್ರಬಂಧವು ೨೦೦೩ರ ಜನವರಿಯದೆಂದು ದಾಖಲಾಗುತ್ತದೆ.